ರವದಿ ಎತ್ತಿದ ವರ್ಷ

ವಿಜಾಪುರದಲ್ಲಿ ಮದುವೆ ಮುಗಿಸಿಕೊಂಡು ತವರಿಗೆಂದು ಜಮಖಂಡಿಯ ಬಸ್ಸು ಹತ್ತಿದ್ದೆ. ಮಾಘದ ಬಿಸಿಲು, ಮದುವೆ ಊಟದ ಭಾರ, ಎರಡೂ ಸೇರಿ ಕಣ್ಣು ಎಳೆಯುತ್ತಿದ್ದವು. ಸಾವಳಗಿ ಇನ್ನೂ ಸ್ವಲ್ಪ ದೂರ ಇರುವಾಗ ಕುರಿಹಿಂಡೊಂದು ರಸ್ತೆಗೆ ಅಡ್ಡ ಬಂತು. ಡ್ರೈವರ್ ಹಾರ್ನ್ ಹೊಡೆದು ಹೊಡೆದು ಸಾಕಾಗಿ ಇಂಜಿನ್ ಬಂದ್ ಮಾಡಿದ. ಕಂಡಕ್ಟರ್ ಬಾಗಿಲಲ್ಲಿ ನಿಂತು ಕುರಿಯವರಿಗೆ ಏನೋ ಅಂದ, ಕೆಳಗಿನಿಂದ ಒಬ್ಬ ಹೆಂಗಸು ತಿರುಗಿ ಏನೋ ಅಂದಳು, ಬಸ್ಸಿನವರೆಲ್ಲ ನಕ್ಕರು. ನಾನು ನೋಡಲಿಲ್ಲ. ಅದೇ ಹೊತ್ತಿಗೆ ಕಿಟಕಿಯಿಂದ ಕರಿಯ ಚೂರೊಂದು ತೇಲಿ ಬಂದು ನನ್ನ ಹೊಸ ಸೀರೆಯ ನೆರಿಗೆಯ ಮೇಲೆ ಕೂತಿತ್ತು. ಅದನ್ನು ಬೆರಳಿನಿಂದ ಒರೆಸಬಾರದು, ಮಸಿ ಹರಡುತ್ತದೆ. ಬಾಗಿ ಮೆಲ್ಲಗೆ ಊದಬೇಕು. ರಬಕವಿಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನಾನು ಊದುತ್ತಿದ್ದೆ, ಬಸ್ಸು ಹೊರಟಿತು.

ಚೂರಿನ ಹಿಂದೆಯೇ ವಾಸನೆಯೂ ಬಂತು. ಕಬ್ಬು ಕಡಿದ ಹೊಲದಲ್ಲಿ ಒಣಗಿದ ಎಲೆ ಸುಡುವ ವಾಸನೆ. ನಮ್ಮ ಕಡೆ ಆ ಎಲೆಗೆ ರವದಿ ಎನ್ನುತ್ತಾರೆ. ಕಬ್ಬು ಕಾರ್ಖಾನೆಗೆ ಹೋದ ಮೇಲೆ ಹೊಲದ ತುಂಬ ಮೊಣಕಾಲುದ್ದ ಬಿದ್ದಿರುತ್ತದೆ. ಕಡ್ಡಿ ಗೀರಿದರೆ ಅರ್ಧ ತಾಸಿನಲ್ಲಿ ಹೊಲ ಸ್ವಚ್ಛ. ಆ ವಾಸನೆ ಮೂಗಿಗೆ ಬಿದ್ದದ್ದೇ ನನ್ನ ನಿದ್ದೆ ಹಾರಿತು. ಎಷ್ಟೋ ವರ್ಷ ಆ ಊರಿನ ಕಡೆ ತಲೆ ಹಾಕದವಳು, ಯಾರೋ ರಟ್ಟೆ ಹಿಡಿದು ಇಳಿಸಿದ ಹಾಗೆ, ಜಮಖಂಡಿಯ ಟಿಕೆಟ್ಟು ಕೈಯಲ್ಲಿ ಇರುವಾಗಲೇ ಸಾವಳಗಿಯಲ್ಲಿ ಇಳಿದುಬಿಟ್ಟೆ.

ನಾನು ನೇಕಾರರ ಮನೆಯವಳು. ರಬಕವಿಯ ನಮ್ಮ ಓಣಿಯಲ್ಲಿ ಚಳಿಗಾಲದ ಮುಂಜಾನೆ ಹಾಸಿನ ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ಬಿಳಿ ನೂಲು, ಹಸಿ ಗಂಜಿ. ಅದರ ಮೇಲೆ ಈ ಕರಿ ಚೂರು ಬಂದು ಕೂತರೆ ಮುಗಿಯಿತು, ಸೀರೆಯಲ್ಲಿ ಕಲೆ ಎದ್ದು ಕಾಣುತ್ತದೆ. ನನ್ನವ್ವ ನೂಲಿನ ಆ ತುದಿಯಿಂದ ಈ ತುದಿಗೆ ಬಾಗಿಕೊಂಡು ಊದುತ್ತ, ಹೊಳೆಯ ಎರಡೂ ದಂಡೆಯ ಕಬ್ಬಿನವರಿಗೆ ಹೆಸರು ಹೆಸರು ಹಿಡಿದು ಬೈಯುತ್ತ ಓಡಾಡುತ್ತಿದ್ದಳು. ಆಲಮಟ್ಟಿಯ ಅಣೆಕಟ್ಟಿನಲ್ಲಿ ನೀರು ನಿಂತು, ಒಣ ಹೊಲಗಳಿಗೂ ಪೈಪು ಬಂದು, ಜೋಳದ ಜಾಗದಲ್ಲೆಲ್ಲ ಕಬ್ಬು ಎದ್ದ ಮೇಲೆ ಅವಳ ಬೈಗುಳದ ಪಟ್ಟಿಯೂ ಉದ್ದವಾಯಿತು.

ನನ್ನ ಬಿ.ಎ. ಮುಗಿದಿತ್ತು. ವರಗಳು ಬರುತ್ತಿದ್ದವು, ಅವಲಕ್ಕಿ ತಿಂದು ಹೋಗುತ್ತಿದ್ದವು. ಆಗ ಸಾವಳಗಿಯ ಹತ್ತಿರ ಒಂದು ಕಂಪನಿಯವರು ರವದಿ ಕೂಡಿಸುವ ಡಿಪೋ ತೆಗೆದರು. ಕೂಡಿಸಿದ್ದನ್ನು ದೂರದ ವಿದ್ಯುತ್ ಘಟಕದ ಬಾಯ್ಲರಿಗೆ ಕಲ್ಲಿದ್ದಲಿನ ಬದಲು ಕಳಿಸುವುದು ಅವರ ಯೋಜನೆ. ರೈತರ ಹೊಲಕ್ಕೆ ಹೋಗಿ ಬೆಂಕಿ ಹಚ್ಚಬೇಡಿ, ನಾವು ಎತ್ತಿಕೊಂಡು ಹೋಗುತ್ತೇವೆ ಎಂದು ಹೇಳಲು ಅವರಿಗೆ ಒಬ್ಬರು ಬೇಕಾಗಿದ್ದರು. ಹೆಣ್ಣುಮಗಳು ಮೋಪೆಡ್ಡಿನಲ್ಲಿ ಹೊಲ ಹೊಲ ತಿರುಗುವುದೆಂದರೆ ಅಪ್ಪ ಒಪ್ಪುತ್ತಿರಲಿಲ್ಲ. ಅವ್ವ ಒಪ್ಪಿಸಿದಳು. ಹೊರಡುವ ದಿನ ಬುತ್ತಿ ಕಟ್ಟಿಕೊಟ್ಟು, "ಹೋಗ, ಮೊದಲ ಆ ಬೆಂಕಿ ಆರಿಸಿ ಬಾ, ಆಮ್ಯಾಲ ಲಗ್ನ ಮಾಡೂಣು" ಅಂದಳು.

ಇಳಿದುಕೊಂಡದ್ದು ಚನ್ನಪ್ಪ ಮಾಮಾನ ಮನೆಯಲ್ಲಿ. ನಮಗೆ ದೂರದ ಬಳಗ. ಡಿಪೋಕ್ಕೆ ಜಾಗ ಕೊಟ್ಟಿದ್ದೂ ಅವನೇ, ಹೊಲದ ದಂಡೆಯ ಖುಲ್ಲಾ ಜಾಗ. ಸಾವಳಗಿಯಲ್ಲಿ ಮೇವಿನ ಬಣವಿ ಒಟ್ಟುವುದರಲ್ಲಿ ಚನ್ನಪ್ಪ ಮಾಮಾನ ಸಮಕ್ಕೆ ನಿಲ್ಲುವವರಿರಲಿಲ್ಲ. ಅವನು ಒಟ್ಟಿದ ಜೋಳದ ಕಣಕಿಯ ಬಣವಿಯೊಳಗೆ ಎಂಥ ಮಳೆಗೂ ಒಂದು ಹನಿ ಇಳಿಯುತ್ತಿರಲಿಲ್ಲ. ಬೀಗರು ಬಂದರೆ ಅವರಿಗೆ ಮೊದಲು ಬಣವಿ ತೋರಿಸಿ, ಆಮೇಲೆ ಚಹಾ. ಅವನ ಹೆಂಡತಿ ಸಂಗವ್ವತ್ತಿ ಮಾತು ಕಡಿಮೆ, ರೊಟ್ಟಿ ಜಾಸ್ತಿ. ಬೇಡ ಅನ್ನುವುದರೊಳಗೆ ಇನ್ನೊಂದು ತಾಟಿಗೆ ಬಿದ್ದಿರುತ್ತಿತ್ತು.

ಮೊದಲ ವಾರವೇ ಕಂಪನಿಯ ಸಾಹೇಬರು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಸಭೆ ಮಾಡಿದರು. ಇಂಗಾಲ, ವಾತಾವರಣ, ಭೂಮಿಯ ಬಿಸಿ ಎಂದೆಲ್ಲ ಹೇಳಿದರು. ಜನ ದೇವರ ಪುರಾಣ ಕೇಳಿದ ಹಾಗೆ ಕೈಕಟ್ಟಿ ಕೇಳಿದರು. ಕೊನೆಗೆ ಚನ್ನಪ್ಪ ಮಾಮಾನೇ ಎದ್ದು, ರವದಿ ನಮ್ಮ ಹೊಲದಲ್ಲಿ ಸುಟ್ಟರೂ ಹೊಗೆ, ನಿಮ್ಮ ಬಾಯ್ಲರಿನಲ್ಲಿ ಸುಟ್ಟರೂ ಹೊಗೆ, ಸುಮ್ಮನೆ ಹೊತ್ತು ತರುವ ಉಸಾಬರಿ ಯಾಕೆ ಎಂದು ಕೇಳಿದ. ಸಭೆ ಗೊಳ್ಳೆಂದಿತು. ಸಾಹೇಬರು ಒಳ್ಳೆಯವರು, ಸಿಟ್ಟಾಗಲಿಲ್ಲ. ಹೊಲದಲ್ಲಿ ಸುಟ್ಟರೆ ಬರೀ ಹೊಗೆ, ಬಾಯ್ಲರಿನಲ್ಲಿ ಸುಟ್ಟರೆ ಕರೆಂಟು, ಅಷ್ಟು ಕಲ್ಲಿದ್ದಲು ನೆಲದೊಳಗೇ ಉಳಿಯುತ್ತದೆ ಎಂದರು. ಕಬ್ಬು ಗಾಳಿಯಿಂದ ತೆಗೆದುಕೊಂಡದ್ದನ್ನೇ ಗಾಳಿಗೆ ಕೊಡುತ್ತದೆ, ಮುಂದಿನ ವರ್ಷದ ಕಬ್ಬು ಅದನ್ನೇ ಮತ್ತೆ ಎಳೆದುಕೊಳ್ಳುತ್ತದೆ ಎಂದೂ ಬಿಡಿಸಿ ಹೇಳಿದರು. ಜನ ತಲೆಯಾಡಿಸಿದರು. ಮರುದಿನ ಸಂಜೆ ನಾಲ್ಕು ಕಡೆ ಹೊಗೆ ಎದ್ದಿತು.

ನನಗೆ ಹೆಸರು ಮಾತ್ರ ಬಿತ್ತು. ಮೋಪೆಡ್ಡಿನ ಸದ್ದು ಕೇಳಿದರೆ "ರವದಿ ಅಕ್ಕಾರು ಬಂದ್ರು" ಎಂದು ಕಡ್ಡಿಪೆಟ್ಟಿಗೆ ಜೇಬಿಗೆ ಇಳಿಸುತ್ತಿದ್ದರು. ನಾನು ದಾಟಿ ಹೋದ ಮೇಲೆ ಮತ್ತೆ ತೆಗೆಯುತ್ತಿದ್ದರು. ಸಿಟ್ಟು ನೆತ್ತಿಗೇರುತ್ತಿತ್ತು. ಒಮ್ಮೆ ಹಿಂದಿರುಗಿ ಹೋಗಿ ಒಬ್ಬನ ಕೈಯಿಂದ ಕಡ್ಡಿಪೆಟ್ಟಿಗೆ ಕಸಿದುಕೊಂಡೇ ಬಂದೆ. ಅವನು ಬೀಡಿಗೆ ಏನು ಮಾಡಲಿ ಎಂದು ಡಿಪೋದವರೆಗೂ ಹಿಂದೆ ಬಂದ.

ದೀಪಾವಳಿಯ ಹೊತ್ತಿಗೆ ಮಾಯವ್ವನ ಹಿಂಡು ಬಂತು. ಅವಳು, ಗಂಡ ಲಕ್ಕಪ್ಪ, ಕುರಿಗಳು, ಸಾಮಾನು ಹೊರಲು ಒಂದು ಕುದುರೆ. ಬೀರಪ್ಪ ದೇವರ ಒಕ್ಕಲು. ಅವರ ಊರು ಬೀಳಗಿ ತಾಲೂಕಿನದು, ಬಾಡಗಂಡಿಯಿಂದ ಆಚೆ ಹೊಳೆದಂಡೆಯಲ್ಲಿ ಇದ್ದದ್ದು ಹಿನ್ನೀರಿನಲ್ಲಿ ಮುಳುಗಿತ್ತು. ಹೊಸ ಊರಿನಲ್ಲಿ ಜಾಗ ಕೊಟ್ಟಿದ್ದರು, ಆದರೆ ಅಲ್ಲಿ ಕುರಿಗೆ ಮೇವಿರಲಿಲ್ಲ. ಮೊದಲು ವರ್ಷದಲ್ಲಿ ಅರ್ಧ ತಿರುಗುತ್ತಿದ್ದವರು ಈಗ ವರ್ಷವಿಡೀ ತಿರುಗುತ್ತಿದ್ದರು. ನನ್ನದೇ ವಯಸ್ಸು ಅವಳದು. ಕೈತುಂಬ ಹಚ್ಚೆ, ಬಾಯಿತುಂಬ ಮಾತು. ಮೋಪೆಡ್ಡಿಗೆ ಕುರಿ ಬೆದರಿದ್ದಕ್ಕೆ ಮೊದಲ ದಿನವೇ ನನ್ನನ್ನು ಬೈದಳು, ಎರಡನೆಯ ದಿನ ಅದರ ಮೇಲೆ ಕೂರಿಸಿಕೊಂಡು ಒಂದು ಸುತ್ತು ಹೊಡೆಸು ಎಂದಳು.

ನಮ್ಮ ಕಡೆ ಹೊಲದಲ್ಲಿ ಕುರಿ ತರಬುವ ಪದ್ಧತಿ ಉಂಟು. ಹಿಂಡನ್ನು ರಾತ್ರಿ ಹೊಲದಲ್ಲಿ ನಿಲ್ಲಿಸಿದರೆ ಅದರ ಹಿಕ್ಕಿ, ಗಂಜಲ ನೆಲಕ್ಕೆ ಬೀಳುತ್ತದೆ, ಹೊಲದವರು ಕುರಿಯವರಿಗೆ ಕಾಳು ಕೊಡುತ್ತಾರೆ. ಆದರೆ ಕಬ್ಬಿನ ಹೊಲದಲ್ಲಿ ಇದು ನಡೆಯುತ್ತಿರಲಿಲ್ಲ. ರವದಿ ಇದ್ದರೆ ಕುರಿ ಕಾಲಿಡಲಾಗದು, ಸುಟ್ಟರೆ ತಿನ್ನಲು ಏನೂ ಉಳಿಯದು. ಆ ವರ್ಷ ಚನ್ನಪ್ಪ ಮಾಮಾನ ಹೊಲದಿಂದ ರವದಿ ಎತ್ತಿದೆವು. ಅಡಿಯಲ್ಲಿ ಹಸಿರು ಹುಲ್ಲು, ಅಲ್ಲಲ್ಲಿ ಬಿದ್ದ ಕಬ್ಬಿನ ಸುಳಿ. ಲಕ್ಕಪ್ಪ ಹಿಂಡು ಬಿಟ್ಟ. ವಾರದ ನಂತರ ನೀರು ಬಿಟ್ಟಾಗ ಮಾಮಾನ ಕೂಳೆ ಕಬ್ಬು ಕಡಿದ ಬುಡದಿಂದ ಮತ್ತೆ ಎದ್ದ ಪರಿ ನೋಡಲು ಅಕ್ಕಪಕ್ಕದ ಹೊಲದವರು ಬದುವಿನ ಮೇಲೆ ಸಾಲಾಗಿ ನಿಂತರು. ನನ್ನ ಭಾಷಣಕ್ಕೆ ಬಗ್ಗದವರು ಆ ಕಬ್ಬಿಗೆ ಬಗ್ಗಿದರು. ಮೊದಲು ನಮ್ಮ ಹೊಲದ ರವದಿ ಎತ್ತಿಸು, ಮೊದಲು ನಮ್ಮಲ್ಲಿ ಕುರಿ ತರಬಿಸು ಎಂದು ಡಿಪೋದ ಮುಂದೆ ಬಂದು ಕೂರತೊಡಗಿದರು.

ಮಾಯವ್ವನಿಗೆ ಡಿಪೋದಲ್ಲೇ ರವದಿ ಕಟ್ಟುವ ಕೆಲಸ ಸಿಕ್ಕಿತು, ಮೂಲೆಯಲ್ಲಿ ಒಂದು ಗುಡಿಸಲು ಹಾಕಿಕೊಳ್ಳಲು ಜಾಗವೂ. ರವದಿಯದೇ ಹೊದಿಕೆ. ಗುಡಿಸಲು ಎದ್ದ ಸಂಜೆ ಅವಳು ಸೆರಗಿನ ತುದಿಯ ಗಂಟು ಬಿಚ್ಚಿ ಬೀಜಗಳನ್ನು ತೆಗೆದಳು. ಕುಂಬಳದ ಬೀಜ. ಮುಳುಗಿದ ಮನೆಯ ಹಿತ್ತಿಲಿನವು. ನೀರು ಏರುವಾಗ ಅವಳ ಅತ್ತೆ ಪಾತ್ರೆ ಪಗಡೆ ಬಿಟ್ಟು ಮೊದಲು ಬಳ್ಳಿಯ ಕಾಯಿ ಕೊಯ್ದುಕೊಂಡಿದ್ದಳಂತೆ. ಅಂದಿನಿಂದ ಪ್ರತಿ ವರ್ಷ ಎಲ್ಲಿ ಬಿಡಾರವೋ ಅಲ್ಲಿ ಒಂದೆರಡು ಊರುವುದು, ಬಳ್ಳಿ ಹೂ ಬಿಡುವ ಹೊತ್ತಿಗೆ ಹಿಂಡು ಮುಂದೆ ನಡೆಯುವುದು. ಅತ್ತೆ ತೀರಿಕೊಂಡಿದ್ದಳು, ಬೀಜ ಕಡಿಮೆಯಾಗುತ್ತ ಬಂದು ಇವೇ ಕೊನೆಯವು. ಎಲ್ಲವನ್ನೂ ಒಂದೇ ಗುಣಿಯಲ್ಲಿ ಊರಿ ಮೇಲೆ ಹಿಕ್ಕಿಗೊಬ್ಬರ ಎಳೆದಳು. ಡಿಪೋ ಬೇಸಗೆಯವರೆಗೆ ನಡೆದರೆ ಸಾಕು, ಕಾಯಿ ಬಲಿಯುತ್ತದೆ, ಬೀರಪ್ಪನಿಗೆ ಎಡೆ ಹಿಡಿದು ಬೆಲ್ಲ ಹಾಕಿ ಗಾರಗಿ ಕರಿದು ತಿನ್ನೋಣ ಎಂದಳು. ಲಕ್ಕಪ್ಪ ನಗುತ್ತ, ಕುಂಬಳಕಾಯಿಗೆ ಮೊದಲ ಪೆಟ್ಟು ಹಾಕುವುದು ಗಂಡಸರ ಕೈಯೇ, ನನ್ನನ್ನು ಮರೆಯಬೇಡಿ ಎಂದ.

ಆ ಚಳಿಗಾಲವೆಲ್ಲ ಡಿಪೋದಲ್ಲೇ ಕಳೆಯಿತು. ರವದಿಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಹಳೆಯ ಸೀರೆಯ ಚೂರುಗಳನ್ನು ಮೊಣಕೈತನಕ ಸುತ್ತಿಕೊಂಡು ಹೆಂಗಸರು ಕೆಲಸ ಮಾಡುತ್ತಿದ್ದರು. ರೈತರನ್ನು ಒಪ್ಪಿಸುವ ಕೆಲಸ ಕಡಿಮೆಯಾಗಿದ್ದರಿಂದ ನಾನೂ ಅವರ ಜೊತೆ ಕೂತು ಕಟ್ಟುತ್ತಿದ್ದೆ. ಮಧ್ಯಾಹ್ನ ಸಂಗವ್ವತ್ತಿಯ ರೊಟ್ಟಿ, ಮಾಯವ್ವನ ಕುರಿಹಾಲಿನ ಚಹಾ. ಅವಳಿಗೆ ಎಲ್ಲವನ್ನೂ ಕೆದಕಿ ಕೇಳುವ ಚಟ. ಸಾಹೇಬರು ಹೇಳಿದ ಇಂಗಾಲದ ಕಥೆಯನ್ನು ನನ್ನಿಂದ ಮೂರು ಸಲ ಹೇಳಿಸಿದಳು. ಮೂರನೆಯ ಸಲ ಕೈಯಲ್ಲಿದ್ದ ಹಗ್ಗ ಕೆಳಗಿಟ್ಟು ಅಂದಳು:

"ಅಂದ್ರ ಅಕ್ಕಾರ, ಕಬ್ಬಿನ ಹೊಗಿ ನಮ್ಮ ಹಿಂಡ ಇದ್ದಂಗ. ದಡ್ಡಿ ಬಿಟ್ಟ ಹೋಗತೈತಿ, ಮತ್ತ ತಿರುಗಿ ಅದ ದಡ್ಡಿಗಿ ಬರತೈತಿ. ಕಲ್ಲಿದ್ದಲದ ಹೊಗಿ ಅಂದ್ರ ಎಲ್ಲಿಂದೋ ಮಂದಿ ಕುರಿ ಹೊಡಕೊಂಡ ಬಂದ ನಮ್ಮ ದಡ್ಡ್ಯಾಗ ತುಂಬಿದಂಗ. ಆಮ್ಯಾಲ ನಿಲ್ಲಾಕ ಜಾಗಾ ಇಲ್ಲ. ಹೌದಿಲ್ರಿ?"

ಹೌದು ಎಂದೆ. ಮರುದಿನದಿಂದ ಹೊಲ ಹೊಲದಲ್ಲಿ ಇದನ್ನೇ ನನ್ನ ಸ್ವಂತ ಮಾತೆಂಬಂತೆ ಹೇಳಿಕೊಂಡು ತಿರುಗಿದೆ. ಇದು ಕಿವಿಗೆ ಬಿದ್ದು ಅವಳು ಪ್ರತಿ ಸಲಕ್ಕೆ ಒಂದು ಎಲಿಅಡಿಕಿ ದಂಡ ಹಾಕಿದಳು.

ಪುಷ್ಯದ ಒಂದು ಸಂಜೆ ನಾವಿಬ್ಬರೂ ಚನ್ನಪ್ಪ ಮಾಮಾನ ಮಾಳಿಗೆ ಹತ್ತಿದ್ದೆವು, ಮೆಣಸಿನಕಾಯಿ ಇಳಿಸಲು. ಹೊಳೆಯ ಕಡೆ ದೂರದಲ್ಲಿ ಹೊಗೆ ಇತ್ತು. ಸಾವಳಗಿಯ ಸುತ್ತ ಎಲ್ಲೂ ಇರಲಿಲ್ಲ. ಮುಳುಗುವ ಸೂರ್ಯ ಕೆಂಪಗೆ, ತೊಳೆದಿಟ್ಟ ಹಾಗೆ ಕಾಣುತ್ತಿದ್ದ. ಊರಿನ ಯಾವ ಮನೆಯಿಂದಲೋ ಒಗ್ಗರಣೆಯ ವಾಸನೆ ಬಂತು. ಹೊಗೆಯ ದಿನಗಳಲ್ಲಾದರೆ ಅದೆಲ್ಲಿ ತಿಳಿಯುತ್ತಿತ್ತು. ನಾವು ಮೆಣಸಿನಕಾಯಿ ಮರೆತು ಕತ್ತಲಾಗುವತನಕ ನಿಂತೆವು. ಅದೇ ವಾರ ರಬಕವಿಯಿಂದ ಬಂದವರೊಬ್ಬರ ಕೂಡ ಅವ್ವ ಹೇಳಿ ಕಳಿಸಿದ್ದಳು, ಈ ವರ್ಷ ನೂಲಿನ ಮೇಲೆ ಕರಿ ಬೀಳುವುದು ಕಡಿಮೆಯಾಗಿದೆಯಂತೆ. ಗಾಳಿಯ ದಿಕ್ಕು ಬದಲಾಗಿತ್ತೋ, ಮಗಳ ಮೇಲಿನ ಮೋಹವೋ. ಖರೆ ಎಂದೇ ನಂಬಿದೆ. ಅಷ್ಟು ಖುಷಿಯಾಗಿ ನಾನು ಆಮೇಲೆ ಯಾವ ಕೆಲಸವನ್ನೂ ಮಾಡಿಲ್ಲ.

ಸಂಕ್ರಾಂತಿ ಆದ ಮೇಲೆ ಮೋಡ ಕವಿಯಿತು. ಒಂದು ದಿನ ಹನಿ, ಮರುದಿನ ಸಣ್ಣ ಮಳೆ. ಕಟ್ಟಿ ಹಾಕಿದ ರವದಿಯೆಲ್ಲ ಬಯಲಲ್ಲಿ ಬಿದ್ದಿತ್ತು, ಲಾರಿಗಳು ಬಂದಿರಲಿಲ್ಲ. ಚನ್ನಪ್ಪ ಮಾಮಾ ಧೋತರ ಎತ್ತಿ ಕಟ್ಟಿದ. ಹೆದರಬೇಡಿ, ಬಣವಿ ಒಟ್ಟಿಬಿಡೋಣ, ನಾನಿದ್ದೇನೆ ಎಂದ. ಊರಿನ ಅರ್ಧ ಜನ ಬಂದರು. ಇಂಥ ಬಣವಿಯನ್ನು ಸಾವಳಗಿ ಕಂಡಿರಲಿಲ್ಲ. ಅವನು ಮೇಲೆ ನಿಂತು ತುಳಿದು ತುಳಿದು ಗಾಳಿಯಾಡದ ಹಾಗೆ ಒತ್ತಿಸಿದ, ನೆತ್ತಿಯನ್ನು ಇಳಿಜಾರು ಮಾಡಿ ಒಣ ಕಣಕಿ ಹೊದಿಸಿದ. ಕಣಕಿಯಾದರೆ ಅದೇ ಸರಿಯಾದ ರೀತಿ. ಆದರೆ ನಾವು ಒಳಗೆ ಇಟ್ಟದ್ದು ನೀರುಂಡ ಹೊಲದಿಂದ ಎತ್ತಿ, ಮಳೆಯಲ್ಲಿ ನೆನೆದ ರವದಿ. ಒಣ ಮೇವಿಗೆ ಬಣವಿ ಒಟ್ಟಿ ಬೆಳೆದವರಿಗೆ, ಹಸಿಯನ್ನು ಒತ್ತಿಟ್ಟರೆ ಅದು ಒಳಗೊಳಗೇ ಬೇಯುತ್ತದೆ ಎಂಬುದು ಹೊಳೆಯಲೇ ಇಲ್ಲ. ಸಾಹೇಬರಿಗೂ ಹೊಳೆಯಲಿಲ್ಲ. ಅವರು ಬಣವಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋದರು.

ಎಂಟ್ಹತ್ತು ದಿನಕ್ಕೆ ಮುಂಜಾನೆಯ ಚಳಿಯಲ್ಲಿ ಬಣವಿಯ ನೆತ್ತಿಯಿಂದ ತೆಳ್ಳಗೆ ಆವಿ ಏಳತೊಡಗಿತು. ಇಬ್ಬನಿ ಆರುತ್ತಿದೆ ಎಂದುಕೊಂಡೆವು. ಗಾಣದ ಮನೆಯಲ್ಲಿ ಬೆಲ್ಲ ಕುದಿಯುವಂಥ ವಾಸನೆ ಬಂತು. ಕಬ್ಬಿನ ಎಲೆಯಲ್ಲವೇ, ಸಿಹಿ ಇರಬೇಕು ಎಂದುಕೊಂಡೆವು. ಚನ್ನಪ್ಪ ಮಾಮಾ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡು "ನನ್ನ ಬಣವಿ ಉಸರಾಡತೈತಿ ನೋಡ್ರಿ" ಎಂದ. ಆಗಷ್ಟೇ ಹುಟ್ಟಿದ ಕುರಿಮರಿಗಳು ಹೋಗಿ ಅದಕ್ಕೆ ಮೈಯೊತ್ತಿ ಮಲಗುತ್ತಿದ್ದವು. ಮಾಯವ್ವ ಕೈ ಇಟ್ಟು ನೋಡಿ, ಬೆಚ್ಚಗಿದೆ, ತಾಯಿಯ ಹೊಟ್ಟೆ ಇದ್ದ ಹಾಗಿದೆ ಎಂದು ಮರಿಗಳಿಗಾಗಿ ಅಡಿಯಲ್ಲಿ ಒಂದು ಗೂಡು ಕೊರೆದಳು. ನಾನು ಆ ಗೂಡಿನಲ್ಲಿ ಕೈ ಕಾಸಿಕೊಂಡಿದ್ದೇನೆ. ಊರ ಹುಡುಗಿಯರು ಬಂದು ಕಾಸಿಕೊಂಡು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಆವಿಯ ಬಣ್ಣ ಬದಲಾಯಿತು. ಹಳದಿ, ಆಮೇಲೆ ಕಂದು. ಗಂಡಸರು ಹತ್ತಿ ಹೊದಿಕೆ ಕಿತ್ತು ಒಳಗೆ ಬಗೆದರು, ಆರಿಸಬೇಕೆಂದೇ ಬಗೆದರು. ಗಾಳಿ ಒಳಗೆ ಹೊಕ್ಕದ್ದೇ ಭುಗ್ಗೆಂದಿತು. ಬಗೆದವರು ಜಿಗಿದು ಉಳಿದುಕೊಂಡರು. ಮಾಯವ್ವ ಮಾತ್ರ ಎದುರು ಓಡಿದಳು, ಗೂಡಿನಲ್ಲಿ ಮರಿಗಳಿದ್ದವು. ಒಂದೊಂದನ್ನೇ ಎಳೆದು ಹಿಂದಕ್ಕೆ ಎಸೆದಳು, ನಾನು ಸೆರಗು ಒಡ್ಡಿ ಹಿಡಿದುಕೊಂಡೆ. ಎಲ್ಲವೂ ಬದುಕಿದವು. ಅವಳ ಬಲಗೈಯ ಹಚ್ಚೆಯೆಲ್ಲ ಸುಲಿದುಹೋಯಿತು.

ಸಂಜೆಯವರೆಗೆ ಉರಿಯಿತು. ಇಡೀ ಸುಗ್ಗಿಯಲ್ಲಿ ನಾವು ಹೊಲ ಹೊಲದಿಂದ ಉಳಿಸಿ ತಂದದ್ದು ಒಂದೇ ಕಡೆ, ಒಂದೇ ದಿನ ಸುಟ್ಟಿತು. ಕರಿ ಚೂರುಗಳು ಮೋಡದಂತೆ ಎದ್ದು ದಕ್ಷಿಣಕ್ಕೆ, ರಬಕವಿಯ ಕಡೆಗೆ ಸಾಗುವುದನ್ನು ನೋಡುತ್ತ ನಿಂತೆ. ಅವ್ವ ನಾಳೆ ಮುಂಜಾನೆ ನೂಲಿನ ಮೇಲೆ ಬಾಗಿ ಊದುತ್ತಾಳೆ ಎಂದು ನೆನೆಸಿಕೊಂಡು ಅತ್ತುಬಿಟ್ಟೆ. ಮಾಯವ್ವ ಅಳಲಿಲ್ಲ. ಅವಳು ಗುಡಿಸಲಿನ ಕಡೆ ನೋಡುತ್ತಿದ್ದಳು. ಗುಡಿಸಲು ಉಳಿದಿತ್ತು, ಅದರ ಮೇಲೆ ಹಬ್ಬಿದ್ದ ಬಳ್ಳಿ ಬಣವಿಯ ಕಡೆಯ ಅರ್ಧ ಬೆಂದಿತ್ತು. ಉಳಿದ ಅರ್ಧದಲ್ಲಿ ಒಂದೇ ಕಾಯಿ. ಇನ್ನೂ ಎಳೆಯದು, ಉಗುರು ಊರಿದರೆ ಇಳಿಯುವಂಥದು.

ಸಾಹೇಬರು ಬಂದರು. ಯಾರನ್ನೂ ಬೈಯಲಿಲ್ಲ, ಬೂದಿಯ ಸುತ್ತ ಒಂದು ಸುತ್ತು ಹಾಕಿದರು. ಡಿಪೋವನ್ನು ಬೇರೆ ಕಡೆಗೆ ಒಯ್ಯುವುದೆಂದು ಕಂಪನಿ ನಿಶ್ಚಯ ಮಾಡಿತು, ಸೂರು ಮತ್ತು ಸಿಮೆಂಟಿನ ನೆಲ ಇರುವ ಕಡೆಗೆ. ಚನ್ನಪ್ಪ ಮಾಮಾ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟ. ಬಣವಿಯ ಸುದ್ದಿ ತೆಗೆದರೆ ಗೋಡೆಯ ಕಡೆ ಹೊರಳುತ್ತಿದ್ದ. ಜನ ಮತ್ತೆ ಕಡ್ಡಿಪೆಟ್ಟಿಗೆ ತೆಗೆದರು, ಈ ಸಲ ನನ್ನೆದುರೇ. ಕುರಿಗೆ ಹೊಲ ಉಳಿಯಲಿಲ್ಲ. ಶಿವರಾತ್ರಿಗೆ ಮುಂಚೆ ಲಕ್ಕಪ್ಪ ಕುದುರೆಯ ಮೇಲೆ ಸಾಮಾನು ಹೇರಿದ.

ಹೊರಡುವ ಮುಂಜಾನೆ ಮಾಯವ್ವ ಬಳ್ಳಿಯ ಹತ್ತಿರ ಕೂತೇ ಇದ್ದಳು. ಕೈಗೆ ಅರಿಶಿಣದ ಬಟ್ಟೆ ಸುತ್ತಿತ್ತು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವಳೇ ಹೇಳಿದಳು:

"ಅಕ್ಕಾರ, ಇದ ನಮ್ಮ ಮನಿ ಬೀಜ. ಮನಿ ನೀರಾಗ ಹೋತು, ಇದ ಬೆಂಕ್ಯಾಗ ಹೋಗಬಾರದ. ಬಲಿಯೂತನಾ ಕಾಯ್ರಿ. ನಾ ಬರ್ತೇನಿ."

ಎಲ್ಲಿಗೆ, ಯಾವಾಗ ಎಂದು ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹಿಂಡು ರಸ್ತೆಗೆ ಇಳಿಯಿತು. ಮರಿಗಳು ಈಗ ತಾವೇ ನಡೆಯುವಷ್ಟು ಆಗಿದ್ದವು.

ಕೆಲಸ ಹೋಗಿತ್ತು, ಆದರೂ ನಾನು ಊರಿಗೆ ಹೋಗಲಿಲ್ಲ. ಅವ್ವನಿಂದ ಕರೆ ಮೇಲೆ ಕರೆ, ಮುಧೋಳದ ಕಡೆಯ ಒಂದು ವರ ನೋಡಲು ಬರುವುದಿತ್ತು. ಹೋಳಿ ಆಗಲಿ ಎಂದೆ. ದಿನಾ ಎರಡು ಕೊಡ ನೀರು ಹೊತ್ತು ಬಳ್ಳಿಗೆ ಹಾಕುತ್ತಿದ್ದೆ, ಕಾಯಿಯ ಅಡಿಗೆ ರವದಿ ಹಾಸಿದ್ದೆ, ಮಂಗಗಳು ಬಾರದಂತೆ ಮುಳ್ಳು ಬಡಿದಿದ್ದೆ. ಒಂದು ಕುಂಬಳಕಾಯಿ ಕಾಯಲು ಬಿ.ಎ. ಓದಿದವಳು ಎಂದು ಊರು ನಕ್ಕಿತು, ನಗಲಿ. ಕಾಯಿ ಬಲಿತು ಬೂದಿ ಬಣ್ಣಕ್ಕೆ ತಿರುಗಿದ ದಿನ ಅದನ್ನು ಹೊತ್ತು ಮನೆಗೆ ತಂದೆ. ಸಂಗವ್ವತ್ತಿ ಅದನ್ನು ಮಾಮಾನ ಹಾಸಿಗೆಯ ಪಕ್ಕದಲ್ಲಿಟ್ಟು, ಕೊಡಲಿಯನ್ನೂ ಇಟ್ಟು, ಹೆಂಗಸರು ಮೊದಲ ಪೆಟ್ಟು ಹಾಕುವಂತಿಲ್ಲ, ನೀವು ಏಳದಿದ್ದರೆ ಇದು ಇಲ್ಲೇ ಕೊಳೆಯಲಿ ಎಂದು ಒಳಗೆ ಹೋದಳು. ನಾವು ಒಳಗೆ ಒಲೆ ಹಚ್ಚಿದೆವು. ಆಮೇಲೆ ಕೊಡಲಿಯ ಸದ್ದು ಕೇಳಿತು. ಆ ದಿನ ಮಾಮಾ ಪಡಸಾಲೆಗೆ ಬಂದು ನಮ್ಮ ಜೊತೆ ಕೂತು ಗಾರಗಿ ತಿಂದ. ನನ್ನ ಪಾಲಿನದನ್ನು ನಾನು ತಾಟಿನಲ್ಲೇ ಬಿಟ್ಟೆ.

ಬೀಜಗಳನ್ನು ತೊಳೆದು ಒಣಗಿಸಿ ಅರ್ಧ ಸಂಗವ್ವತ್ತಿಗೆ ಕೊಟ್ಟೆ. ಉಳಿದ ಅರ್ಧ ಕುಂಕುಮದ ಒಂದು ಡಬ್ಬಿಯಲ್ಲಿ ಹಾಕಿ ನನ್ನ ಹತ್ತಿರ ಇಟ್ಟುಕೊಂಡೆ, ಮಾಯವ್ವನಿಗೆ ಕೈಯಾರೆ ಕೊಡಬೇಕೆಂದು.

ಮುಧೋಳದ ವರನೇ ನಿಶ್ಚಯವಾದ. ಬಾಗಲಕೋಟೆಯ ನವನಗರದಲ್ಲಿ ಮನೆ, ನನಗೂ ಅಲ್ಲೇ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಮಾಯವ್ವ ಬಂದದ್ದು ದೀಪಾವಳಿಗಲ್ಲವೇ, ಹಿಂಡುಗಳು ಇಳಿಯುವ ಕಾಲ ಅದೇ ಎಂದು ಪ್ರತಿ ದೀಪಾವಳಿಗೆ ಡಬ್ಬಿ ಪರ್ಸಿಗೆ ಬರುತ್ತಿತ್ತು. ದಾರಿಯಲ್ಲಿ ಹಿಂಡು ಕಂಡರೆ ನಾನು ಕೇಳುವ ಮೊದಲೇ ನನ್ನ ಗಂಡ ಸ್ಕೂಟರ್ ನಿಲ್ಲಿಸುತ್ತಿದ್ದರು. ಇಳಿದು ಹೋಗಿ ಹೆಂಗಸರ ಬಲಗೈ ನೋಡುತ್ತಿದ್ದೆ. ಎಷ್ಟು ಹಿಂಡು, ಎಷ್ಟು ಕೈ. ಕಾರ್ತಿಕ ಮುಗಿದರೆ ಡಬ್ಬಿ ಮತ್ತೆ ಟ್ರಂಕಿಗೆ. ಸಾವಳಗಿಗೆ ಮಾತ್ರ ಹೋಗಲಿಲ್ಲ. ಆ ಕರಿ ನೆಲ ನೋಡುವ ಧೈರ್ಯವಾಗಲಿಲ್ಲ, ಅಷ್ಟೇ.

ಇದೆಲ್ಲವನ್ನು ತಲೆಯಲ್ಲಿ ಹೊತ್ತು ಬಸ್ ಸ್ಟ್ಯಾಂಡಿನಿಂದ ಚನ್ನಪ್ಪ ಮಾಮಾನ ಮನೆಯತನಕ ನಡೆದೆ. ಅಕ್ಕಪಕ್ಕದ ಒಂದೆರಡು ಹೊಲದಲ್ಲಿ ಬೆಂಕಿ ಇತ್ತು, ಉಳಿದ ಹೊಲಗಳಲ್ಲಿ ರವದಿಯನ್ನು ಯಂತ್ರ ಸುತ್ತಿ ಉರುಳೆ ಮಾಡಿ ಇಟ್ಟಿತ್ತು. ಈಗ ಕಾರ್ಖಾನೆಗಳ ಬಾಯ್ಲರಿಗೆ ಅದನ್ನು ಒಯ್ಯುತ್ತಾರಂತೆ. ಉರುಳೆಗಳ ನಡುವೆ ಗಾಳಿಯಾಡಲು ಜಾಗ ಬಿಟ್ಟಿದ್ದರು. ಮಾಮಾ ಕಟ್ಟೆಯ ಮೇಲೆ ಕೂತಿದ್ದ, ಕಣ್ಣು ಮಂಜಾಗಿದ್ದವು. ಸಂಗವ್ವತ್ತಿ ಗುರುತು ಹಿಡಿದಳು. "ರವದಿ ಅಕ್ಕ ಬಂದ್ಲು ನೋಡ್ರಿ" ಎಂದು ಗಂಡನಿಗೆ ಹೇಳಿ, ನನ್ನ ಕೈಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದಳು.

ಹಿತ್ತಿಲ ಬೇಲಿಯುದ್ದಕ್ಕೂ ಕುಂಬಳದ ಬಳ್ಳಿ. ಆಚೆ ಅದೇ ಡಿಪೋದ ನೆಲ, ಈಗ ಕಬ್ಬು ಕಡಿದು ರವದಿ ಎತ್ತಿದ ಹೊಲ. ನೆಲದ ತುಂಬ ಹೊಸ ಹಿಕ್ಕಿ, ಒಂದು ಮೂಲೆಯಲ್ಲಿ ಮೂರು ಒಲೆಗಲ್ಲು, ಹಸಿ ಬೂದಿ. ನಾನು ಬೇಲಿಯ ಹತ್ತಿರ ಹೋಗಿ ಬಾಗಿ ನೋಡಿದೆ. ಸಂಗವ್ವತ್ತಿ ನಿಧಾನವಾಗಿ ಹೇಳುತ್ತ ಹೋದಳು. ನಾನು ಹೋದ ಎರಡನೆಯ ವರ್ಷವೇ ಮಾಯವ್ವ ಬಂದಳಂತೆ. ಕಬ್ಬು ಕಡಿದು ರವದಿ ಎತ್ತಿದ ಮೇಲಷ್ಟೇ ಕುರಿಗೆ ಹೊಲ, ಅದಕ್ಕೆ ಅವರು ಬರುವುದು ದೀಪಾವಳಿಗಲ್ಲ, ಮಾಘದಲ್ಲಿ. ಮಾಮಾ ಆ ಬೆಂಕಿಯಾದ ಮೇಲೆ ಒಂದು ವರ್ಷವೂ ತನ್ನ ಹೊಲಕ್ಕೆ ಕಡ್ಡಿ ಗೀರಲಿಲ್ಲವಂತೆ. ಪ್ರತಿ ವರ್ಷ ಅವಳು ಬಂದು ಬಳ್ಳಿಯ ಮೊದಲ ಕಾಯಿ ಕೊಯ್ದು, ಲಕ್ಕಪ್ಪನಿಂದ ಒಡೆಸಿ, ಬೀರಪ್ಪನಿಗೆ ಎಡೆ ಹಿಡಿಯುತ್ತಾಳಂತೆ. ಹೋಗುವಾಗ ಇನ್ನೊಂದು ಕಾಯಿ ಆರಿಸಿ ಜಂತಿಗೆ ಕಟ್ಟಿಸಿ ಹೋಗುತ್ತಾಳಂತೆ, ರವದಿ ಅಕ್ಕನಿಗೆಂದು. ಯುಗಾದಿವರೆಗೆ ಕಾದು, ಯಾರೂ ಬಾರದೆ, ಇವರೇ ತಿನ್ನುತ್ತಾರಂತೆ.

ಒಳಗೆ ಕರೆದು ತೋರಿಸಿದಳು. ಜಂತಿಯಲ್ಲಿ ಹಗ್ಗದ ಜಾಲಿಯೊಳಗೆ ಬೂದಿ ಬಣ್ಣದ ಕುಂಬಳಕಾಯಿ ತೂಗುತ್ತಿತ್ತು.

"ಈ ಸಲ ಎಂದ ಹೋದ್ರು ಅತ್ತಿ?" ಎಂದು ಕೇಳಿದೆ.

"ಇವತ್ತ ಮುಂಜಾನಿ ಎದ್ದ ಹೋದ್ರವ್ವ. ವಿಜಾಪುರ ದಾರಿ ಹಿಡದ. ನಿನ್ನ ಬಸ್ಸಿಗಿ ಅಡ್ಡ ಸಿಕ್ಕಿರಬೇಕಲ್ಲ?"

ಇಂಜಿನ್ ಬಂದ್ ಮಾಡಿದ ಬಸ್ಸು, ಬಾಗಿಲಲ್ಲಿ ನಿಂತ ಕಂಡಕ್ಟರ್, ಕೆಳಗಿನಿಂದ ತಿರುಗಿ ಮಾತು ಕೊಟ್ಟ ಹೆಂಗಸಿನ ದನಿ, ಬಸ್ಸಿನವರ ನಗು. ದೀಪಾವಳಿಯಾಗಿದ್ದರೆ ಹಾರಿ ಇಳಿಯುತ್ತಿದ್ದೆ. ಡಬ್ಬಿ ಟ್ರಂಕಿನಲ್ಲಿತ್ತು, ನಾನು ತಲೆ ಬಗ್ಗಿಸಿ ಸೀರೆಯ ಮೇಲಿನ ಕರಿ ಊದುತ್ತಿದ್ದೆ.

ಮಾಮಾನನ್ನು ಕೇಳಿದೆ, ಮರಿ ಕಟ್ಟಿಕೊಂಡ ಹಿಂಡು ಇಷ್ಟು ಹೊತ್ತಿಗೆ ಎಷ್ಟು ದೂರ ಹೋಗಿರುತ್ತದೆ ಎಂದು. ಅವನು ಮಂಜುಗಣ್ಣು ಕಿರಿದು ಮಾಡಿ ಬಿಸಿಲಿನ ಕಡೆ ನೋಡಿದ. "ಸಂಜಿಮಟ ದೂರೇನ ಹೋಗೂದಿಲ್ಲ" ಎಂದ.

ಸಂಗವ್ವತ್ತಿಯ ಚಹಾ ಕುದಿಯುತ್ತಲೇ ಇತ್ತು. ಕುಂಬಳಕಾಯಿಯನ್ನು ಜಾಲಿಯಿಂದ ಇಳಿಸಿ ಬಗಲಿಗೆ ಏರಿಸಿಕೊಂಡೆ, ಅರ್ಧ ಓಡುತ್ತ ಬಸ್ ಸ್ಟ್ಯಾಂಡಿಗೆ ಬಂದೆ. ಜಮಖಂಡಿಯ ಬಸ್ಸು ನಿಂತಿತ್ತು, ಹೋಗಲಿ ಎಂದು ಬಿಟ್ಟೆ. ಎದುರಿನಿಂದ ಬಂದ ವಿಜಾಪುರದ ಬಸ್ಸು ಹತ್ತಿ, ಕಾಯಿಯನ್ನು ತೊಡೆಯ ಮೇಲಿಟ್ಟು ಕಿಟಕಿಯ ಪಕ್ಕ ಕೂತೆ. ಊರು ದಾಟುತ್ತಿದ್ದಂತೆ ಮತ್ತೊಂದು ಕರಿ ಚೂರು ತೇಲಿ ಬಂದು ಸೀರೆಯ ಮೇಲೆ ಕೂತಿತು. ಕೂತಿರಲಿ ಎಂದು ಬಿಟ್ಟು ರಸ್ತೆ ನೋಡುತ್ತ ಕೂತೆ.